ಗಿರಣಿ ಹಿಂದಿನ ಮನೆ, ಆರರಿಂದ ಏಳು

ಆ ಬೆಳಿಗ್ಗೆ ನನ್ನನ್ನು ರೋಲರ್ ಮೇಲೆ ಹತ್ತಿಸಿದ್ದು ದೊಡ್ಡವ್ವನೋ, ನಾನೇ ಗೋಡೆ ಹಿಡಿದು ಹತ್ತಿದೆನೋ, ಖಚಿತವಾಗಿ ಹೇಳಲಾರೆ. ದಿನವೂ ನಡೆಯುವ ಕೆಲಸದ ತೊಂದರೆಯೇ ಅದು. ನೂರು ಬೆಳಗುಗಳು ಒಂದರೊಳಗೊಂದು ಸೇರಿಹೋಗಿ, ಬೇಕಾದ ಒಂದನ್ನು ಬಿಡಿಸಿ ತೆಗೆಯಲು ಹೋದರೆ ಬೇರೆ ದಿನದ ತುಣುಕು ಅಂಟಿಕೊಂಡು ಬರುತ್ತದೆ. ಇಲ್ಲಿ ಬರೆದಿರುವುದರಲ್ಲಿ ಸಮಯಗಳು ಸರಿಯಾಗಿವೆ. ಅವು ಸೈಕಲ್ಲಿನ ಮೀಟರಿನಲ್ಲಿ ಉಳಿದಿವೆ. ಪತ್ರಗಳು ಸರಿಯಾಗಿವೆ, ಅವು ನನ್ನ ಬಳಿ ಇವೆ. ಮಾತುಗಳ ಬಗ್ಗೆ ಮಾತ್ರ ಅಷ್ಟು ಧೈರ್ಯವಿಲ್ಲ. ಅದರಲ್ಲೂ ಒಂದು ಮಾತಿನ ಬಗ್ಗೆ.

ನಾನು ಟ್ರ್ಯಾಕ್ ಸೈಕ್ಲಿಸ್ಟ್. ಒರಗಿ ನಿಂತ ಗೋಡೆಯಂಥ ತಿರುವುಗಳಿರುವ ಅಂಡಾಕಾರದ ಓಟದ ಕಣದಲ್ಲಿ, ಬ್ರೇಕ್ ಇಲ್ಲದ ಸೈಕಲ್ ಓಡಿಸುವುದು ನನ್ನ ಕೆಲಸ. ಚಕ್ರ ತಿರುಗುವವರೆಗೂ ಪೆಡಲ್ ತಿರುಗುತ್ತದೆ, ಕಾಲು ನಿಲ್ಲಿಸಿ ಕೂರುವಂತಿಲ್ಲ. ಅಂಥ ಕಣ ನಮ್ಮ ಜಿಲ್ಲೆಯಲ್ಲಿಲ್ಲ. ತರಬೇತಿ ಶಿಬಿರದಲ್ಲಿ ಬಿದ್ದು ಎಡಭುಜದ ಕೊರಳೆಲುಬು ಮುರಿದ ಮೇಲೆ ನಾನು ನಮ್ಮೂರು ಗೋಗಿಯ ಮನೆಗೆ ಬಂದೆ. ಅಪ್ಪ, ಅವ್ವ ಹುಣಸಗಿ ಕಡೆ ಕಾಲುವೆ ನೀರಿನ ಹೊಲ ಮಾಡಿಕೊಂಡು ಅಲ್ಲೇ ಇರುತ್ತಾರೆ. ಗೋಗಿಯ ಮನೆಯಲ್ಲಿರುವುದು ದೊಡ್ಡವ್ವ, ಅಪ್ಪನ ಅಣ್ಣನ ಹೆಂಡತಿ. ಶಾಲೆಗೆ ಸೇರಿದಾಗಿನಿಂದ ನನ್ನನ್ನು ಸಾಕಿದವಳು ಅವಳೇ.

ಆ ಸೈಕಲ್ಲನ್ನು ಶಹಾಪುರ ರಸ್ತೆಗೆ ತೆಗೆದುಕೊಂಡು ಹೋಗುವಂತಿಲ್ಲ. ಅದಕ್ಕೇ ಮಾಳಿಗೆಯ ಮೇಲೆ ರೋಲರ್ ಹಾಕಿಕೊಂಡಿದ್ದೆ: ಕಬ್ಬಿಣದ ಚೌಕಟ್ಟಿನಲ್ಲಿ ಮೂರು ಉರುಳೆಗಳು, ಅವುಗಳ ಮೇಲೆ ಸೈಕಲ್. ಯಾವುದಕ್ಕೂ ಕಟ್ಟಿರುವುದಿಲ್ಲ, ತುಳಿಯುತ್ತಲೇ ತೂಕ ಹಿಡಿಯಬೇಕು. ಹತ್ತುವಾಗ ಯಾರಾದರೂ ಹಿಂದಿನಿಂದ ಸೀಟು ಹಿಡಿದರೆ ಸುಲಭ. ಎಲುಬು ಮುರಿದ ಮೇಲಂತೂ ದೊಡ್ಡವ್ವ ಹಿಡಿಯುತ್ತಿದ್ದಳು. ವೇಗ ಏರಿದ ಮೇಲೆ ಉರುಳೆಗಳ ಸದ್ದು ಹಿಟ್ಟಿನ ಗಿರಣಿಯ ಸದ್ದಿನಂತೆಯೇ ಇರುತ್ತದೆ. ಓಣಿಯ ಹೆಂಗಸರು ತಮಾಷೆ ಮಾಡುತ್ತಿದ್ದರು, "ಏನವಾ, ನಿಮ್ಮ ಗಿರಣ್ಯಾಗ ನಮ್ಮ ಜ್ವಾಳಾನೂ ಹಾಕ್ತಿಯೇನು?"

ನಿಜವಾದ ಗಿರಣಿಯೂ ಇದೆ. ಅದರ ಹಿಂಗೋಡೆ ನಮ್ಮ ಮನೆಯ ಎದುರಿಗೆ. ಬಾಗಿಲು ಆಚೆ ಓಣಿಗೆ. ನಮ್ಮ ಮನೆಗೆ ನಂಬರಿನ ತಗಡು ಯಾವ ಕಾಲದಲ್ಲೋ ಬಿದ್ದುಹೋಗಿದೆ. ಯಾರಿಗಾದರೂ ಗುರುತು ಹೇಳುವುದಿದ್ದರೆ "ಗಿರಣಿ ಹಿಂದ" ಎಂದೇ ಹೇಳುತ್ತೇವೆ. ನಾನೂ ಹಾಗೆಯೇ ಬರೆದಿದ್ದೆ, ಇರುವೆಡೆಯ ನಮೂನೆಯಲ್ಲಿ.

ಆ ನಮೂನೆಯ ಬಗ್ಗೆ ಹೇಳಬೇಕು. ನಮ್ಮಂಥವರಲ್ಲಿ ಕೆಲವರು ಉದ್ದೀಪನ ಮದ್ದಿನ ಪರೀಕ್ಷೆಯ ಪಟ್ಟಿಯಲ್ಲಿರುತ್ತೇವೆ. ಮೂರು ಮೂರು ತಿಂಗಳಿಗೆ, ಯಾವ ದಿನ ಎಲ್ಲಿ ಮಲಗುತ್ತೇವೆ, ದಿನದ ಯಾವ ಒಂದು ಗಂಟೆ ಎಲ್ಲಿ ಖಂಡಿತ ಸಿಗುತ್ತೇವೆ ಎಂದು ಮುಂಚಿತವಾಗಿ ಬರೆದು ಕಳಿಸಬೇಕು. ಆ ಗಂಟೆಯಲ್ಲಿ ಅವರು ಹೇಳದೆ ಕೇಳದೆ ಬರಬಹುದು. ಬಂದಾಗ ಸಿಗದಿದ್ದರೆ ಅದು ತಪ್ಪಿದ ಪರೀಕ್ಷೆ. ಹನ್ನೆರಡು ತಿಂಗಳಲ್ಲಿ ಇಂಥ ಮೂರು ತಪ್ಪುಗಳಾದರೆ ಎರಡು ವರ್ಷದವರೆಗೆ ನಿಷೇಧ. ಏನನ್ನೂ ಸೇವಿಸಿರಬೇಕಿಲ್ಲ, ಸಿಗದಿದ್ದರೆ ಸಾಕು.

ನನ್ನದು ಬೆಳಿಗ್ಗೆ ಆರರಿಂದ ಏಳು. ಆ ಹೊತ್ತಿನಲ್ಲಿ ನಾನು ಮಾಳಿಗೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದೇ ಅದನ್ನು ಆರಿಸಿದ್ದು.

ಎರಡು ತಪ್ಪು ಮೊದಲೇ ಆಗಿದ್ದವು. ಒಂದು, ಬಿದ್ದ ಮೇಲೆ ಶಿಬಿರದಿಂದ ಬೇಗ ಬಂದವಳು ನಮೂನೆ ಬದಲಿಸಲಿಲ್ಲ. ಎಡಗೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿತ್ತು, ಬಲಗೈ ಇತ್ತಲ್ಲ? ನೆಪಕ್ಕೆ ಜಾಗವಿಲ್ಲ. ಇನ್ನೊಂದು, ಅವ್ವನಿಗೆ ಜ್ವರವೆಂದು ಹುಣಸಗಿಗೆ ಹೋಗಿ, ಬೆಳಗಿನ ಆರರೊಳಗೆ ಮನೆ ಸೇರುತ್ತೇನೆಂದು ನಸುಕಿನ ಬಸ್ಸು ಹಿಡಿದೆ. ಸುರಪುರ ನಿಲ್ದಾಣದಲ್ಲಿ ಬಸ್ಸು ಕೆಟ್ಟು ನಿಂತಿತು. ಆರೂವರೆಗೆ ನಾನು ಅಲ್ಲಿಯೇ ಬೆಂಚಿನ ಮೇಲೆ ಕೂತು ಗೋಗಿಯ ಬಾಗಿಲನ್ನು ಯಾರಾದರೂ ತಟ್ಟುತ್ತಿರಬಹುದೇ ಎಂದು ಯೋಚಿಸುತ್ತಿದ್ದೆ. ತಟ್ಟುತ್ತಿದ್ದರು. ಮನೆಗೆ ಬೀಗ, ದೊಡ್ಡವ್ವನೂ ಹುಣಸಗಿಯಲ್ಲೇ ಉಳಿದಿದ್ದಳು.

ಅವರು ಬಂದು ನಾನು ಸಿಕ್ಕಿದ್ದೂ ಉಂಟು. ಈ ಎರಡು ತಪ್ಪುಗಳ ನಡುವೆ ಒಮ್ಮೆ ಒಬ್ಬ ಅಧಿಕಾರಿ, ಜೊತೆಗೊಬ್ಬ ಸಹಾಯಕಿ ಯಾದಗಿರಿ ರೈಲು ಸ್ಟೇಷನ್ನಿನಿಂದ ಕಾರು ಮಾಡಿಕೊಂಡು ಬಂದರು. ಮಾದರಿ ಕೊಡುವಾಗ ಸಹಾಯಕಿ ಕಣ್ಣೆದುರೇ ನಿಂತಿರಬೇಕು, ಅದು ನಿಯಮ. ನಾನು ಆಗಷ್ಟೇ ರೋಲರ್ ಇಳಿದು ಬೆವರೆಲ್ಲ ಸುರಿಸಿಕೊಂಡಿದ್ದೆ. ಎರಡು ತಾಸು ಹನಿ ಮೂತ್ರವೂ ಬರಲಿಲ್ಲ. ನಾಲ್ಕು ಲೋಟ ನೀರು ಕುಡಿದೆ. ಕೈ ನಡುಗುತ್ತಿತ್ತು. ಅದು ಭಯವಲ್ಲ, ಆದರೆ ನೋಡುವವರಿಗೆ ಭಯದಂತೆಯೇ ಕಂಡಿರಬೇಕು.

ದೊಡ್ಡವ್ವ ಬಚ್ಚಲ ಬಾಗಿಲಿಗೆ ನಿಂತು ಎಲ್ಲರಿಗೂ ಕೇಳುವಂತೆ ಅಂದಳು, "ಉಚ್ಚಿ ಹೊಯ್ಯೋದು ನೋಡಾಕ ಪಗಾರ ಕೊಡ್ತಾರೇನ್ರಿ ನಿಮಗ? ನಾನೂ ಸರ್ಕಾರದ ಕೆಲಸಾನ ಮಾಡೀನಿ, ಇಂಥಾದು ಕಂಡಿಲ್ಲ ಬಿಡ್ರಿ."

ಸಹಾಯಕಿ ಪಾಪ ಚಿಕ್ಕ ವಯಸ್ಸಿನವಳು. "ನಮ್ಮ ಡ್ಯೂಟಿ ರೀ ಅಮ್ಮಾ" ಎಂದು ನಕ್ಕಳು. ಚಹಾ ಕೊಟ್ಟರೆ ಬೇಡ ಎಂದಳು. ನೀರೂ ಬೇಡ ಎಂದಳು. ಮನೆಗೆ ಬಂದವರು ನೀರೂ ಮುಟ್ಟದೆ ಹೋದದ್ದು ದೊಡ್ಡವ್ವನಿಗೆ ಉಳಿದೆಲ್ಲಕ್ಕಿಂತ ದೊಡ್ಡ ಅವಮಾನವಾಗಿ ಕಂಡಿತು. ಕಾರು ಹೋದ ಮೇಲೆ ಅವಳು ನನ್ನ ಕೈಯನ್ನೇ ನೋಡುತ್ತ ಕೇಳಿದಳು, "ಯಾಕಷ್ಟು ನಡಗಾಕತ್ತಿದ್ದಿ?"

"ತಂಪಿಗೆ" ಅಂದೆ. ಬೇಸಿಗೆಯ ದಿನ ಅದು.

ಮೂರನೆಯದು ಒಂದು ಗುರುವಾರ. ಮೀಟರ್ ಹೇಳುವಂತೆ ಆರು ಗಂಟೆ ಐದು ನಿಮಿಷಕ್ಕೆ ತುಳಿಯಲು ಶುರುಮಾಡಿದ್ದೇನೆ. ಇಪ್ಪತ್ತು ನಿಮಿಷ ಹಗುರವಾಗಿ, ಆಮೇಲೆ ಒಂದೊಂದು ನಿಮಿಷದ ಆರು ಬಿರುಸಿನ ಸುತ್ತು, ನಡುವೆ ವಿರಾಮ. ನಾಲ್ಕನೆಯದರಲ್ಲಿ ತುಳಿತದ ಬಲ ಇಳಿದಿದೆ, ಐದನೆಯದರಲ್ಲಿ ಮತ್ತೆ ಏರಿದೆ. ಆರು ಐವತ್ತೇಳಕ್ಕೆ ನಿಂತಿದ್ದೇನೆ. ಫೋನು ಕೆಳಗೆ ಚಾರ್ಜಿಗಿತ್ತು. ಆರು ಐವತ್ತಾರಕ್ಕೆ ಗುರುತಿಲ್ಲದ ನಂಬರಿನಿಂದ ಒಂದು ಕರೆ ಬಂದು ಹೋಗಿತ್ತು. ಎಂಟಕ್ಕೆ ನೋಡಿದೆ, ಯಾವುದೋ ಜಾಹೀರಾತಿನದಿರಬೇಕು ಎಂದು ಬಿಟ್ಟೆ. ಆ ದಿನದ ಡೈರಿಯಲ್ಲಿ ಇರುವುದು ಇಷ್ಟು: ನಾಲ್ಕನೆಯದು ಕೆಟ್ಟಿತು, ಭುಜ ನೋವಿಲ್ಲ, ಪುಂಡಿಪಲ್ಯ ರೊಟ್ಟಿ. ಯಾರೋ ಬಂದಿದ್ದರೆಂದು ದೊಡ್ಡವ್ವ ಹೇಳಿದ್ದರೆ ಬರೆದಿರುತ್ತಿದ್ದೆ. ಬರೆದಿಲ್ಲ. ಹಾಗಾಗಿ ಹೇಳಲಿಲ್ಲ ಎಂದುಕೊಂಡಿದ್ದೇನೆ.

ಮುಂದಿನ ವಾರ ಪತ್ರ ಬಂತು. ಆ ಗುರುವಾರ ಬೆಳಿಗ್ಗೆ ನಾನು ನಮೂದಿಸಿದ ಸ್ಥಳದಲ್ಲಿ ಇರಲಿಲ್ಲ, ಇದು ಮೂರನೆಯ ತಪ್ಪು, ಹದಿನಾಲ್ಕು ದಿನಗಳಲ್ಲಿ ಉತ್ತರಿಸಬೇಕು. ಜೊತೆಗೆ ಅಧಿಕಾರಿಯ ವರದಿ. ಇಂಗ್ಲಿಷಿನಲ್ಲಿತ್ತು. ಅದರ ಒಂದು ಭಾಗ ಹೀಗೆ: "ಬಾಗಿಲು ತೆರೆದ ಹಿರಿಯ ಮಹಿಳೆ, ಆಟಗಾರ್ತಿ ಊರಲ್ಲಿಲ್ಲ, ಹೈದರಾಬಾದಿಗೆ ಹೋಗಿದ್ದಾರೆ ಎಂದರು. ಮೇಲಿನಿಂದ ಯಂತ್ರದ ಸದ್ದು ಕೇಳುತ್ತಿತ್ತು. ವಿಚಾರಿಸಿದಾಗ ಅದು ಹಿಟ್ಟಿನ ಗಿರಣಿಯದೆಂದು ತಿಳಿಸಿದರು. ಆಟಗಾರ್ತಿ ನೀಡಿದ ವಿಳಾಸದಲ್ಲೂ ಗಿರಣಿಯ ಉಲ್ಲೇಖವಿದೆ. ಏಳು ಗಂಟೆಯವರೆಗೆ ಓಣಿಯ ಬಾಯಲ್ಲಿ ಕಾರಿನಲ್ಲಿ ಕಾದೆವು. ಆರು ಐವತ್ತಾರಕ್ಕೆ ಮಾಡಿದ ಕರೆಗೆ ಉತ್ತರ ಬರಲಿಲ್ಲ."

ನಾನು ಅದನ್ನು ಮೂರು ಸಲ ಓದಿದೆ. ಇತಿಹಾಸ ಓದಿದವಳು ನಾನು. ದಾಖಲೆಯಲ್ಲಿ ಬರೆದವರ ಉದ್ದೇಶಕ್ಕಿಂತ ಹೆಚ್ಚಿನದು ಉಳಿದಿರುತ್ತದೆ ಎಂದು ಮೇಷ್ಟರು ಹೇಳಿಕೊಟ್ಟಿದ್ದರು. ಇಲ್ಲಿ ಉಳಿದದ್ದು ನನ್ನ ರೋಲರಿನ ಸದ್ದು.

ಅಡುಗೆಮನೆಗೆ ಹೋದೆ. ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು.

"ದೊಡ್ಡವ್ವ, ಹ್ವಾದ ಗುರುವಾರ ಮುಂಜಾನಿ ಯಾರರೆ ಬಂದಿದ್ರೇನು?"

"ದಿನಾ ಯಾರರೆ ಬರ್ತಾರ."

"ಕಾರಿನ್ಯಾಗ."

ಅವಳು ಕೈಯಲ್ಲಿದ್ದ ರೊಟ್ಟಿಯನ್ನು ಪೂರ್ತಿ ಅಗಲ ಮಾಡಿದಳು. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಆಮೇಲೆ ಅಂದಳು, "ಹೂಂ. ಒಬ್ಬಾಂವ ಗಂಡಸು, ಒಬ್ಬಾಕಿ ಹೆಂಗಸು. ನಿನ್ನ ಕೇಳಿದ್ರು. ಇಲ್ಲ, ಹೈದ್ರಾಬಾದಿಗಿ ಹೋಗ್ಯಾಳ ಅಂದೆ."

"ಯಾಕ?"

"ಯಾಕಂದ್ರ? ಮನಿ ಹುಡುಗಿನ್ನ ಹೊರಗಿನವರು ಬಂದು ಕೇಳಿದ್ರ ಏನಂತಾರ? ಮ್ಯಾಲ ಅದಾಳ ಬರ್ರಿ, ಚಡ್ಡಿ ಹಾಕ್ಕೊಂಡು ಸೈಕಲ್ ತುಳ್ಯಾಕತ್ಯಾಳ, ನೋಡ್ಕೊಂಡು ಹೋಗ್ರಿ ಅನ್ಲೇನು?"

ನಮ್ಮ ಓಣಿಯಲ್ಲಿ ಇದು ಸುಳ್ಳೆನಿಸಿಕೊಳ್ಳುವುದಿಲ್ಲ. ಮದುವೆ ವಯಸ್ಸಿನ ಹುಡುಗಿಯನ್ನು ಹೊರಗಿನವರು ವಿಚಾರಿಸಿದರೆ ಯಾವ ಮನೆಯವರೂ ಇದ್ದಾಳೆ ಎನ್ನುವುದಿಲ್ಲ. ಊರಿಗೆ ಹೋಗಿದ್ದಾಳೆ ಎನ್ನುತ್ತಾರೆ. ಬಂದವರು ಯಾರು, ಏಕೆ ಬಂದರು ಎಂದು ಆಮೇಲೆ ತಿಳಿದುಕೊಳ್ಳುತ್ತಾರೆ. ಅದೂ ಅಲ್ಲದೆ ಮುದನಾಳದ ಕಡೆಯಿಂದ ನನಗೊಂದು ಸಂಬಂಧ ಬಂದು, ದೊಡ್ಡವ್ವ ಬೇಡವೆಂದು ಕಳಿಸಿ ವಾರವಾಗಿತ್ತಷ್ಟೇ. ಅವರೇ ಮತ್ತೆ ಯಾರನ್ನೋ ಅಟ್ಟಿದ್ದಾರೆ ಎಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳು ರೊಟ್ಟಿ ತಿರುವಿಹಾಕುತ್ತ ಇನ್ನೊಂದು ಮಾತು ಸೇರಿಸಿದಳು.

ಮೊದಲಲ್ಲೇ ಧೈರ್ಯವಿಲ್ಲ ಎಂದೆನಲ್ಲ, ಆ ಒಂದು ಮಾತು ಇದೇ. ಅದೇ ದಿನ ಡೈರಿಯಲ್ಲಿ ಬರೆದುಕೊಂಡಿದ್ದೇನೆ: "ಆಕಿ ನೀರೂ ಕುಡೀಲಿಲ್ಲ." ಬಂದ ಹೆಂಗಸು ನೀರನ್ನು ಸಹ ಕುಡಿಯಲಿಲ್ಲ ಎಂದು ಅರ್ಥ. ಆದರೆ ಎರಡು ದಿನ ಬಿಟ್ಟು ನೆನಪಿಸಿಕೊಂಡಾಗ ಕಿವಿಯಲ್ಲಿ ಬೇರೆ ಥರ ಕೇಳಿತು: "ಆಕಿ ಈಗೂ ನೀರು ಕುಡೀಲಿಲ್ಲ." ಈಗಲೂ. ಹಾಗಾದರೆ ಹಿಂದೊಮ್ಮೆಯೂ ಕುಡಿದಿರಲಿಲ್ಲ. ಹಾಗಾದರೆ ಬಂದವಳು ಅದೇ ಸಹಾಯಕಿ, ದೊಡ್ಡವ್ವ ಅವಳ ಗುರುತು ಹಿಡಿದಿದ್ದಳು.

ಒಂದು "ಊ" ಎಲ್ಲಿ ಬಿತ್ತು ಎಂಬುದರ ಮೇಲೆ ನನ್ನ ಮುಂದಿನ ಆಟದ ವರ್ಷಗಳು ನಿಂತಿದ್ದವು. ಹಿಂದಿನ ಸಲ ಮಾದರಿ ಕೊಟ್ಟಾಗಿನ ಕಾಗದದ ನನ್ನ ಪ್ರತಿಯಲ್ಲಿ ಸಹಾಯಕಿಯ ಸಹಿ ಇದೆ, ಹೆಸರು ಮೂಡಿಲ್ಲ, ಹೋಲಿಸಿ ನೋಡುವಂತಿಲ್ಲ. ಡೈರಿಯನ್ನು ನಂಬಬೇಕೋ ಕಿವಿಯನ್ನೋ? ಡೈರಿ ಬರೆದದ್ದು ಸಮಾಧಾನ ಬೇಕಾಗಿದ್ದ ಹೊತ್ತಿನಲ್ಲಿ. ಕಿವಿಗೆ ಕೇಳಿದ್ದು ಅನುಮಾನ ಹುಟ್ಟಿದ ಮೇಲೆ. ಎರಡೂ ನನ್ನವೇ.

ಕೋಚ್ ಸರ್‌ಗೆ ಫೋನ್ ಮಾಡಿದೆ. ಬಾಗಲಕೋಟೆ ಕಡೆಯವರು, ಬೈಗುಳದಿಂದಲೇ ಮಾತು ಶುರುಮಾಡುವವರು. ಅಂದು ಬೈಯಲಿಲ್ಲ. ಅದರಿಂದಲೇ ಹೆದರಿಕೆಯಾಯಿತು.

"ಮನಿಯವರು ಸುಳ್ಳ ಹೇಳಿದ್ರು ಅಂದ್ರ ಅವರು ಒಪ್ಪಂಗಿಲ್ಲ ತಂಗಿ. ಮನಿಯವರಿಗಿ ತಿಳಿಸಿ ಇಡೋದು ನಿನ್ನ ಕೆಲಸ ಅಂತಾರ. ನೀ ಮಾಳಿಗಿ ಮ್ಯಾಲ ಇದ್ದಿ ಅನ್ನಾಕ ಏನೈತಿ?"

"ಮೀಟರಿನ ಫೈಲ್ ಅದ ಸರ್. ಟೈಮ್ ಅದ, ಬಲ ಅದ."

"ಜಾಗಾ?"

ಜಾಗ ಇರಲಿಲ್ಲ. ರೋಲರ್ ಮೇಲೆ ಸೈಕಲ್ ಎಲ್ಲಿಗೂ ಹೋಗುವುದಿಲ್ಲ, ಹಾಗಾಗಿ ಮೀಟರ್ ಸ್ಥಳ ಗುರುತಿಸುವುದನ್ನು ನಾನು ಬಂದ್ ಮಾಡಿಟ್ಟಿದ್ದೆ. ಹೈದರಾಬಾದಿನಲ್ಲಿ ತುಳಿದಿದ್ದರೂ ಫೈಲು ಹೀಗೆಯೇ ಇರುತ್ತಿತ್ತು.

"ಹಂಗಾದ್ರ ಆ ಗಿರಣಿ ಸಪ್ಪಳಾನ ಹಿಡಿ" ಅಂದರು ಸರ್. "ಆ ಹೊತ್ತಿನ್ಯಾಗ ಗಿರಣಿ ನಡದಿದ್ದಿಲ್ಲಂದ್ರ ಸಪ್ಪಳ ನಿಂದಾತು. ಸಪ್ಪಳ ಅವರ ರಿಪೋರ್ಟಿನ್ಯಾಗ ಐತಿ, ನಾವು ಹುಟ್ಟಿಸಿದ್ದಲ್ಲ. ಅಷ್ಟು ಸಪ್ಪಳ ಕೇಳಿ, ಒಂದ್ ಸುತ್ತು ಹಾಕಿ ಗಿರಣಿ ನೋಡ್ಲಿಲ್ಲಲ್ಲ ಅವರು, ಅದು ಅವರ ತಪ್ಪು."

ಆಚೆ ಓಣಿಗೆ ಹೋದೆ. ಗಿರಣಿಯವರನ್ನು ಚಿಕ್ಕಂದಿನಿಂದ ಚಾಚಾ ಎಂದೇ ಕರೆಯುವುದು. ಮನೆಯಲ್ಲಿ ದಖನಿ ಮಾತಾಡುವವರು, ಗಿರಾಕಿಗಳೊಂದಿಗೆ ಕನ್ನಡ. ಮೈತುಂಬ ಹಿಟ್ಟು ಹಚ್ಚಿಕೊಂಡು ಕಲ್ಲು ಬಿಗಿಮಾಡುತ್ತಿದ್ದರು.

"ಚಾಚಾ, ಮುಂಜಾನಿ ಆರಕ್ಕ ಗಿರಣಿ ಚಾಲೂ ಮಾಡ್ತೀರೇನು?"

"ಆರಕ್ಕ? ನನಗೇನ್ ಹುಚ್ಚ ಹಿಡದದೇನು ಬೇಟಿ? ಒಂಬತ್ತಕ್ಕಿಂತ ಮೊದಲ ಷಟರ್ ಎತ್ತಂಗಿಲ್ಲ ನಾ."

"ಹ್ವಾದ ಗುರುವಾರ?"

"ಗುರುವಾರ ಬಂದ್ ಇತ್ತು. ಪಟ್ಟಾ ಹರದಿತ್ತು. ಬುಧವಾರ ಹರದದ್ದು, ಕಲಬುರಗಿಯಿಂದ ಹೊಸಾದು ತರೂತನಾ ಮಂದಿ ನನ್ನ ಬೈದಿದ್ದೇ ಬೈದಿದ್ದು."

ನನ್ನ ಎದೆಯ ಮೇಲಿದ್ದ ಭಾರ ಇಳಿಯಿತು. ಹೀಗೆ ಹೀಗೆ ಎಂದು ಎಲ್ಲ ಹೇಳಿ, ಬರೆದುಕೊಡುತ್ತೀರಾ ಎಂದು ಕೇಳಿದೆ. ಅವರು ಕೂಡಲೇ ಕೈ ಒರೆಸಿಕೊಂಡರು. "ಬರದ ಕೊಡ್ತೀನಿ, ಸಿಕ್ಕಾನೂ ಹೊಡೀತೀನಿ. ದೇಶಕ್ಕ ಸೈಕಲ್ ಹೊಡಿಯೋ ಹುಡುಗಿ, ಅದಕ್ಕೇನು." ಪೆನ್ನು ಹುಡುಕುತ್ತಿದ್ದವರು ನಿಂತು ಕೇಳಿದರು, "ಆದ್ರ ನಿಮ್ಮ ದೊಡ್ಡವ್ವ ಗಿರಣಿ ಸಪ್ಪಳ ಅಂದಳಂದ್ರ ಹ್ಯಾಂಗ? ಬುಧವಾರ ಆಕಿನ ಜ್ವಾಳದ ಚೀಲ ಹೊತ್ತು ಬಂದಿದ್ಲು. ಬಂದ್ ಅದ ಅಂದೆ. ನನ್ನ ಪಟ್ಟಾಕ್ಕೂ ನನಗೂ ಕೂಡೇ ಬೈದು ವಾಪಸ್ ಹೊತ್ಕೊಂಡು ಹ್ವಾದ್ಲು."

ಚಾಚಾ ನಕ್ಕರು. ನಾನೂ ನಕ್ಕೆ ಅಂತ ಕಾಣುತ್ತದೆ.

ಅವರು ಬರೆದುಕೊಟ್ಟ ಕಾಗದ ಹಿಡಿದು ಮನೆಗೆ ಬರುವ ಐವತ್ತು ಹೆಜ್ಜೆಗಳು ಚೆನ್ನಾಗಿ ನೆನಪಿವೆ. ಮನೆಯಲ್ಲಿಲ್ಲ ಎಂದದ್ದು ರೂಢಿ ಇರಬಹುದು, ಬಾಯಿಗೆ ಬಂದ ಮಾತು. ಗಿರಣಿ ಎಂದದ್ದು ಹಾಗಲ್ಲ. ಗಿರಣಿ ನಿಂತಿದೆ ಎಂದು ಅವಳಿಗೆ ಗೊತ್ತಿತ್ತು. ಸದ್ದು ಯಾವುದೆಂದೂ ಗೊತ್ತಿತ್ತು. ಕೇಳಿದವರ ಮುಖ ನೋಡಿ, ಯೋಚಿಸಿ ಹೇಳಿದ ಮಾತು ಅದು.

ಈ ದೊಡ್ಡವ್ವ ಯಾರೆಂದರೆ, ಅಂಗನವಾಡಿಯಲ್ಲಿ ವರ್ಷಗಟ್ಟಲೆ ಮಕ್ಕಳನ್ನು ತೂಗಿ ಬರೆದವಳು. ಮಕ್ಕಳ ತೂಕ ಸ್ವಲ್ಪ ಹೆಚ್ಚಿಗೆ ಬರೆ, ನಮ್ಮ ವಲಯ ಚೆನ್ನಾಗಿ ಕಾಣುತ್ತದೆ ಎಂದು ಮೇಲಿನವರು ಹೇಳಿದಾಗ, "ತಕ್ಕಡಿ ಏನು ಹೇಳತೈತೋ ಅದ ಬರೀತೀನ್ರಿ" ಎಂದು ವಾದ ಮಾಡಿದವಳು. ಮನೆಯಲ್ಲಿ ಆ ಕಥೆ ನೂರು ಸಲ ಹೇಳಿದ್ದಾಳೆ.

ಸರ್ ಒಂದು ಕರಡು ಕಳಿಸಿದರು, ದೊಡ್ಡವ್ವನ ಹೆಸರಿನಲ್ಲಿ ಹೇಳಿಕೆ. ಅದರಲ್ಲಿ ಒಂದು ವಾಕ್ಯ: "ಬಂದವರು ನನಗೆ ಗುರುತಿಲ್ಲದವರಾದ್ದರಿಂದ, ನಮ್ಮ ಕಡೆಯ ರೂಢಿಯಂತೆ ಹುಡುಗಿ ಮನೆಯಲ್ಲಿಲ್ಲವೆಂದು ಹೇಳಿದೆನು."

"ಗುರುತಿಲ್ಲದವರು ಅನ್ನೋದು ಬಿಡಬ್ಯಾಡ" ಅಂದರು ಫೋನಿನಲ್ಲಿ. "ಗುರುತಿದ್ದೂ ಸುಳ್ಳ ಹೇಳಿದ್ರು ಅಂತಾದ್ರ ಇದು ತಪ್ಪಿದ ಪರೀಕ್ಷೆ ಅಲ್ಲ, ತಪ್ಪಿಸಿಕೊಂಡಿದ್ದು. ಅದಕ್ಕ ಶಿಕ್ಷೆ ಇನ್ನೂ ದೊಡ್ಡದು. ನಿನ್ನ ಆಟ ಮುಗೀತು ಅಂತ ತಿಳಕೊ."

ನಾನು ಅದನ್ನು ಕನ್ನಡದಲ್ಲಿ ಬಿಳಿ ಹಾಳೆಯ ಮೇಲೆ ಬರೆದೆ. ದೊಡ್ಡವ್ವ ಕನ್ನಡಕ ಹಾಕಿಕೊಂಡು ಕಿಟಕಿಯ ಬಳಿ ಕೂತಳು. ಓದದೆ ಸಹಿ ಹಾಕುವವಳಲ್ಲ. ಸಾಲಿನ ಕೆಳಗೆ ಬೆರಳಿಟ್ಟು ಓದುತ್ತ ಹೋದಳು. ಆ ಪದದ ಕೆಳಗೆ ಬೆರಳು ನಿಂತಿತು. ಎಷ್ಟು ಹೊತ್ತು? ನನಗೆ ಬಹಳ ಹೊತ್ತು ಅನಿಸಿತು. ನಿಜವಾಗಿ ಒಂದು ಉಸಿರಿನಷ್ಟೂ ಇರಲಿಕ್ಕಿಲ್ಲ.

"ಇದು ನೀ ಬರದಿದ್ದೇನು?"

"ಸರ್ ಹೇಳಿದ್ದು."

"ಹೂಂ" ಎಂದಳು. "ಎಲ್ಲಿ ಸಹಿ ಮಾಡ್ಲಿ?"

ಮಾಡಿದಳು. ಅಂಗನವಾಡಿ ರಿಜಿಸ್ಟರಿನ ಸಹಿ, ಕೊನೆಯ ಅಕ್ಷರದ ಕೆಳಗೆ ಎರಡು ಚುಕ್ಕಿ. ನನ್ನ ಕೆಲಸ ಆಗಿತ್ತು. ಸ್ಕ್ಯಾನ್ ಮಾಡಿಸಲು ಶಹಾಪುರಕ್ಕೆ ಹೊರಟು ಆಟೋದಲ್ಲಿ ಕೂತೆ. ಮೊಣಕಾಲಿನ ಮೇಲೆ ಫೈಲು. ಪಕ್ಕದಲ್ಲಿ ತೊಗರಿ ಚೀಲ ಹಿಡಿದ ಹೆಂಗಸೊಬ್ಬಳು. ಬಸ್ ನಿಲ್ದಾಣದ ಹತ್ತಿರ ಇಳಿದು ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಾಗ ಆ ಬೆರಳು ಮತ್ತೆ ಕಣ್ಣ ಮುಂದೆ ಬಂತು. ಅವಳ ಬಾಯಿಂದ ನಾನು ಕೇಳಿದ್ದು "ಹೊರಗಿನವರು" ಎಂಬ ಪದ. ಗುರುತಿಲ್ಲದವರು ಎಂದು ಅವಳು ಒಮ್ಮೆಯೂ ಅಂದಿರಲಿಲ್ಲ. ಸಾಲಿನಲ್ಲಿ ನಿಂತೇ ಡೈರಿ ತೆಗೆದು ನೋಡಿದೆ. ಡೈರಿಯಲ್ಲೂ ಹೊರಗಿನವರು ಎಂದೇ ಇತ್ತು. ಗುರುತಿರುವವರೂ ಹೊರಗಿನವರಾಗಿರಬಹುದು.

ಆ ಪದ ಇದ್ದರೆ ಅದು ನನ್ನ ಸುಳ್ಳು, ಅವಳ ಸಹಿ. ತಕ್ಕಡಿ ಹೇಳಿದ್ದನ್ನೇ ಬರೆದವಳ ಕೈಯಲ್ಲಿ ನಾನು ಬೇರೆ ತೂಕ ಬರೆಸಿದ್ದೆ. ಅಥವಾ ಅದು ಸುಳ್ಳಲ್ಲದೆಯೂ ಇರಬಹುದು. ಗೊತ್ತಿಲ್ಲದ್ದೇ ತೊಂದರೆ.

ನನ್ನ ಸರದಿ ಬಂದಾಗ ಸಾಲು ಬಿಟ್ಟು ಬಂದೆ. ಮನೆಗೆ ಬಂದು ಇನ್ನೊಂದು ಹಾಳೆಯಲ್ಲಿ, ದೊಡ್ಡವ್ವನ ಮಾತಾಗಿಯೇ, ಬರೆದೆ. ಇಬ್ಬರು ಬಂದು ಕೇಳಿದರು, ಹುಡುಗಿ ಮನೆಯಲ್ಲಿಲ್ಲವೆಂದೆ. ಸದ್ದು ಏನೆಂದು ಕೇಳಿದರು, ಗಿರಣಿಯದೆಂದೆ. ಎರಡೂ ನಿಜವಲ್ಲ. ಹುಡುಗಿ ಮಾಳಿಗೆಯ ಮೇಲೆ ಸೈಕಲ್ ತುಳಿಯುತ್ತಿದ್ದಳು, ಸದ್ದು ಅದರದು. ಅವರು ಬಂದದ್ದನ್ನು ಅವಳಿಗೆ ನಾನು ತಿಳಿಸಲಿಲ್ಲ. ಅಷ್ಟೇ. ಏಕೆ ಎಂಬುದಿಲ್ಲ, ಗುರುತು ಎಂಬುದಿಲ್ಲ. ಅವರು ಏಕೆ ಎಂದು ಕೇಳಿದರೆ ಎಲ್ಲ ಮುಗಿಯಬಹುದು ಎಂದು ಗೊತ್ತಿದ್ದೇ ಬರೆದೆ.

ದೊಡ್ಡವ್ವ ಇದನ್ನೂ ಬೆರಳಿಟ್ಟು ಓದಿದಳು. ಎಲ್ಲಿಯೂ ನಿಲ್ಲಲಿಲ್ಲ. ಸಹಿ ಮಾಡಿ, ಮೊದಲಿನ ಹಾಳೆಯನ್ನು ಕೈಗೆ ತೆಗೆದುಕೊಂಡು ನಾಲ್ಕಾಗಿ ಮಡಚಿ ಒಲೆಯ ಬಳಿ ಇಟ್ಟಳು. ಮರುದಿನ ಅದು ಅಲ್ಲಿರಲಿಲ್ಲ.

ಸರ್‌ಗೆ ಹೇಳಿದಾಗ ಬೈದರು, ಈ ಸಲ ಹಳೆಯ ಹಾಗೆಯೇ. "ಒಂದ್ ಶಬ್ದ ಬಿಡಾಕ ನೀ ಏನ್ ಹರಿಶ್ಚಂದ್ರನ ವಂಶದಾಕಿಯೇನು? ನಾಳಿ ಅವರು ಪ್ರಶ್ನಿ ಹಾಕಿದ್ರ ಏನ್ ಹೇಳ್ತಿ?"

"ಗೊತ್ತಿಲ್ಲ ಅಂತ ಹೇಳ್ತೀನಿ ಸರ್."

"ಗೊತ್ತಿಲ್ಲ ಅನ್ನೋರು ಟ್ರ್ಯಾಕಿನ್ಯಾಗ ಬೀಳ್ತಾರ" ಎಂದು ಫೋನಿಟ್ಟರು. ಆ ಮಾತಿಗೆ ಅರ್ಥವಿಲ್ಲ ಎಂದು ಈಗ ಅನಿಸುತ್ತದೆ. ಆಗ ಬಹಳ ಚುಚ್ಚಿತ್ತು.

ಉತ್ತರ ಕಳಿಸಿದ ಮೇಲೆ ಕಾಯುವುದು. ಆ ದಿನಗಳಲ್ಲಿ ಆರು ಗಂಟೆಗೆ ಮುಂಚೆಯೇ ಓಣಿಯ ಬಾಗಿಲು ತೆರೆದು ಕಲ್ಲಿಟ್ಟು ನಿಲ್ಲಿಸುತ್ತಿದ್ದೆ. ಫೋನನ್ನು ಹ್ಯಾಂಡಲ್ಲಿಗೆ ಕಟ್ಟಿಕೊಳ್ಳುತ್ತಿದ್ದೆ. ಬಾಗಿಲ ಚೌಕಟ್ಟಿಗೆ ಒಂದು ಕರೆಗಂಟೆ ಹಾಕಿಸಿ, ಅದರ ತಂತಿ ಮಾಳಿಗೆಯವರೆಗೆ ಎಳೆಸಿದೆ. ಆದರೂ ಪ್ರತಿ ಸುತ್ತಿನ ನಡುವೆ ಕಾಲು ನಿಧಾನ ಮಾಡಿ ಕಿವಿಗೊಡುತ್ತಿದ್ದೆ. ಬ್ರೇಕಿಲ್ಲದ ಸೈಕಲ್ಲು, ತಟ್ಟನೆ ನಿಲ್ಲುವುದಿಲ್ಲ. ಆ ದಿನಗಳ ಫೈಲುಗಳನ್ನು ನೋಡಿದರೆ ಬಲದ ಗೆರೆ ಹಲ್ಲು ಮುರಿದ ಬಾಚಣಿಕೆಯ ಹಾಗಿದೆ. ತರಬೇತಿ ಅನ್ನಲಾಗದು. ಆಯ್ಕೆ ಶಿಬಿರಕ್ಕೆ ಹೆಸರು ಕಳಿಸುವ ಕೊನೆಯ ದಿನ ಬಂತು. ತೀರ್ಮಾನ ಬಾರದೆ ಹೆಸರು ಕಳಿಸಲಾಗದು ಎಂದರು. ದಿನ ಹೋಯಿತು.

ಆ ದಿನ ಸಂಜೆ ದೊಡ್ಡವ್ವ ತಾನಾಗಿ ಕೇಳಿದಳು, "ಶಿಬಿರ ಯಾವಾಗ?"

"ನಡೀತದ. ನಾ ಇಲ್ಲ."

ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರದಲ್ಲಿ ಕಾಳು ಒಮ್ಮೆ ಎತ್ತಿ ಹಾಕಿ, "ಮುಂದಿನ ಸಲ" ಎಂದಳು. ಮುಂದಿನ ಸಲ ಹೋಗು ಎಂದೋ, ಮುಂದಿನ ಸಲ ನಿಜ ಹೇಳುತ್ತೇನೆ ಎಂದೋ, ನಾನು ಕೇಳಲಿಲ್ಲ.

ಕೊನೆಗೆ ಪತ್ರ ಬಂತು. ಚಿಕ್ಕದು. ಸದ್ದು ಕೇಳಿದ ಅಧಿಕಾರಿ ಅದರ ಮೂಲವನ್ನು ಪರಿಶೀಲಿಸಬೇಕಾಗಿತ್ತು, ಗಿರಣಿ ಮುಚ್ಚಿತ್ತೆಂಬ ಹೇಳಿಕೆಯನ್ನು ಒಪ್ಪಲಾಗಿದೆ, ಇದನ್ನು ತಪ್ಪಿದ ಪರೀಕ್ಷೆಯಾಗಿ ದಾಖಲಿಸುವುದಿಲ್ಲ. ವಿಳಾಸವನ್ನು ಇನ್ನಷ್ಟು ಸ್ಪಷ್ಟವಾಗಿ ಬರೆಯತಕ್ಕದ್ದು. ಏಕೆ ಸುಳ್ಳು ಹೇಳಲಾಯಿತು ಎಂದು ಯಾರೂ ಕೇಳಿರಲಿಲ್ಲ. ಅವರಿಗೆ ಅದು ಬೇಕಾಗಿರಲಿಲ್ಲ.

ಚಾಚಾನಿಗೆ ಹೇಳಿ ಬಂದೆ. ಅವರು ಪುಕ್ಕಟೆ ಹಿಟ್ಟು ಬೀಸಿಕೊಡುತ್ತೇನೆಂದರು. ಸರ್ "ಸಾಕು, ನಾಳಿಂದ ಕಾಲಿನ ಕೆಲಸ" ಎಂದರು. ದೊಡ್ಡವ್ವನಿಗೆ ಪತ್ರ ಓದಿ ಕನ್ನಡದಲ್ಲಿ ಹೇಳಿದೆ. "ಹಂಗಾದ್ರ ಆ ಹುಡುಗಿಗಿ ಬೈತಾರೇನು?" ಎಂದು ಕೇಳಿದಳು.

"ಯಾವ ಹುಡುಗಿಗಿ?"

"ಅದ, ಬಂದಿದ್ಲಲ್ಲ, ಆಕಿಗಿ."

ಅಷ್ಟು ಹೇಳಿ ಎದ್ದು ಹೋದಳು. ನಾನು ಅದನ್ನೂ ಬರೆದುಕೊಂಡೆ. ಬಂದಿದ್ದು ಹೆಂಗಸು ಎಂದಿದ್ದವಳು ಈಗ ಹುಡುಗಿ ಎಂದಳು. ಅದರಿಂದ ಏನೂ ಸಾಬೀತಾಗುವುದಿಲ್ಲ.

ಮರುದಿನ ಬೆಳಿಗ್ಗೆ ಐದು ಐವತ್ತಕ್ಕೆ ಮಾಳಿಗೆ ಹತ್ತಿದೆ. ದೊಡ್ಡವ್ವನೂ ಬಂದಳು, ನಾನು ಕರೆದಿರಲಿಲ್ಲ. ಭುಜ ವಾಸಿಯಾಗಿತ್ತು, ಗೋಡೆ ಹಿಡಿದು ಹತ್ತಬಲ್ಲೆ. ಆದರೂ ಅವಳು ಹಿಂದೆ ನಿಂತು ಸೀಟು ಹಿಡಿದಳು. ಪೆಡಲ್ ತುಳಿದೆ, ಉರುಳೆಗಳು ತಿರುಗತೊಡಗಿದವು. ರೋಲರ್ ಮೇಲೆ ಹಿಂದಿರುಗಿ ನೋಡುವಂತಿಲ್ಲ, ಕುತ್ತಿಗೆ ತಿರುಗಿದರೆ ಚಕ್ರವೂ ತಿರುಗುತ್ತದೆ. ಅವಳ ಮುಖ ಕಾಣದಿದ್ದುದರಿಂದಲೇ ಆ ಪ್ರಶ್ನೆ ಕೇಳಲು ಸಾಧ್ಯವಾಯಿತು. ಇನ್ನೂ ಸದ್ದು ಏರಿರಲಿಲ್ಲ, ಅವಳಿಗೆ ಕೇಳಿಸಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಏಕೆಂದರೆ ಸೀಟು ಹಿಡಿದ ಕೈ ಒಮ್ಮೆ ಬಿಗಿಯಾಯಿತು. ಆಮೇಲೆ ಬಿಟ್ಟಿತು. ಮೆಟ್ಟಿಲಿಳಿಯುವ ಸದ್ದನ್ನು ಉರುಳೆಗಳು ನುಂಗಿದವು. ಅಂದಿನಿಂದ ಅವಳು ದಿನವೂ ಬಂದು ಸೀಟು ಹಿಡಿಯುತ್ತಾಳೆ, ಹವೆ, ಅಡುಗೆ, ಮುದನಾಳದವರು ಎಲ್ಲದರ ಬಗ್ಗೆ ಮಾತಾಡುತ್ತಾಳೆ. ಇದೊಂದಕ್ಕೆ ಉತ್ತರ ಕೊಟ್ಟಿಲ್ಲ. ನಾನು ಕೇಳಿದ್ದು ಇಷ್ಟು:

"ದೊಡ್ಡವ್ವ, ಅವತ್ತ ನೀ ಅವರನ್ನ ಕನ್ಯಾ ಕೇಳಾಕ ಬಂದವರಂತ ತಿಳದಿದ್ದೇನು, ಇಲ್ಲಾ ನಾ ಮದ್ದು ಏನರೆ ತಿಂದೀನಂತ ತಿಳದಿದ್ದೇನು?"